ಕ್ಲಚ್ಚಿನ ಕೆಳಗಿನ ನಿಂಬೆಹಣ್ಣು

ಮುಂಬಯಿಯ ಕಾಂದಿವಲಿಯ ನಮ್ಮ ಮನೆಯಲ್ಲಿ ಬಚ್ಚಲಿನ ನೆತ್ತಿಯ ಮೇಲೊಂದು ಅಟ್ಟವಿದೆ. ಅಟ್ಟ ಎಂದ ಕೂಡಲೇ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಎರಡು ಸೂಟ್‌ಕೇಸು, ಒಂದು ಹಾಸಿಗೆ ಸುರುಳಿ, ಗಣಪತಿ ಕೂರಿಸುವ ಮಣೆ, ಇಷ್ಟಕ್ಕೇ ಉಸಿರುಗಟ್ಟುವ ಜಾಗ ಅದು. ಇವತ್ತು ಬೆಳಿಗ್ಗೆ ಸ್ಟೂಲು ಹತ್ತಿ ಅಲ್ಲಿಂದ ಒಂದು ಖಾಲಿ ರಟ್ಟಿನ ಪೆಟ್ಟಿಗೆಯನ್ನು ಎಳೆದೆ. ಅದರ ಹಿಂದೆಯೇ ಹಾಸಿಗೆ ಸುರುಳಿಯೂ ಉರುಳಿ ಬಂದು ನನ್ನ ತಲೆಯ ಮೇಲೆ ಕೂತಿತು. ಈ ಪೆಟ್ಟಿಗೆಯನ್ನು ಬಿಸಾಡಬೇಕೆಂದು ಎಷ್ಟು ಸಲ ಎದ್ದಿದ್ದೇನೋ. ಬಿಸಾಡಿದರೆ ವಾರಂಟಿ ಹೋಯಿತು ಎಂದು ಮಗಳು ಹೆದರಿಸಿದ್ದರಿಂದ, ಈ ಊರಿನಲ್ಲಿ ಮನುಷ್ಯರಿಗೇ ಸಿಗದ ಜಾಗವನ್ನು ಒಂದು ಖಾಲಿ ಪೆಟ್ಟಿಗೆಗೆ ಬಿಟ್ಟುಕೊಟ್ಟಿದ್ದೆವು.

ಪೆಟ್ಟಿಗೆಯ ಮೇಲೆ ಕೆಂಪು ರೇಸ್ ಕಾರಿನ ಚಿತ್ರವಿದೆ. ಮನೆಯಲ್ಲಿ ಕೂತು, ಟಿವಿಯ ಪರದೆಯ ಮೇಲೆ ಕಾರು ಓಡಿಸುವವರಿಗಾಗಿ ಮಾಡಿದ ಸ್ಟೇರಿಂಗು ಮತ್ತು ಪೆಡಲುಗಳು ಇದರಲ್ಲಿ ಬಂದಿದ್ದವು. ಐವತ್ತು ದಾಟಿದ, ಸೈಕಲ್ಲಿನಿಂದ ಮೇಲೆ ಯಾವುದನ್ನೂ ಓಡಿಸದ, ಅಂಧೇರಿಯ ಆಫೀಸಿಗೆ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗುವ ನನ್ನಂಥವನ ಮನೆಗೆ ಇದು ಹೇಗೆ ಬಂತು ಎಂದು ನಮ್ಮ ಬಿಲ್ಡಿಂಗಿನ ವಾಚ್‌ಮನ್ ಕೂಡ ಕೇಳಿದ್ದಾನೆ. ಬಂದದ್ದು ನಮ್ಮಣ್ಣನ ಎಡಗಾಲಿಗಾಗಿ.

ನಮ್ಮಣ್ಣ ಮಲ್ಲಪ್ಪ ಬೈಕುಲ್ಲಾದ ಮಾರ್ಕೆಟ್ಟಿನಿಂದ ಉಪನಗರಗಳಿಗೆ ತರಕಾರಿ ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಮುಂಬಯಿಗೆ ಬಂದಾಗಿನಿಂದ ಅದೇ ಕೆಲಸ. ಹೋದ ವರ್ಷ ಲಕ್ವಾ ಹೊಡೆಯಿತು. ಬಾಯಿ ಸರಿಹೋಯಿತು, ಮಾತಿನ ಖಾರವಂತೂ ಒಂದು ಚಿಟಿಕೆಯೂ ಕಡಿಮೆಯಾಗಲಿಲ್ಲ, ಕೈಯೂ ತಕ್ಕಮಟ್ಟಿಗೆ ಬಂತು. ಎಡಗಾಲಿನ ಪಾದ ಮಾತ್ರ ಬರಲಿಲ್ಲ. ಅವನಿದ್ದ ಬೈಕುಲ್ಲಾದ ಹಳೆಯ ಚಾಳಿನ ಮೇಲುಮಹಡಿಗೆ ಲಿಫ್ಟಿಲ್ಲ, ಆದ್ದರಿಂದ ಅವನೂ ಅವನ ಹೆಂಡತಿ, ನಮ್ಮ ವೈನಿಯೂ ನಮ್ಮಲ್ಲಿಗೆ ಬಂದರು. ಪಾದವನ್ನು ದಿನವೂ ಒತ್ತಿ ಒತ್ತಿ ಕೆಲಸಕ್ಕೆ ಹಚ್ಚದಿದ್ದರೆ ಗಿಣ್ಣು ಬಿಗಿದು ಹಾಗೆಯೇ ನಿಂತುಬಿಡುತ್ತದೆ, ಆಮೇಲೆ ಯಾರೂ ಏನೂ ಮಾಡಲಾಗದು ಎಂದು ಡಾಕ್ಟರು ಹೇಳಿದ್ದರು. ಕಸರತ್ತು ಕಲಿಸಲು ಬರುತ್ತಿದ್ದ ಹುಡುಗಿ ಗೋಡೆಗೆ ಪಾದ ಒತ್ತಲು ಹೇಳಿದರೆ ಅಣ್ಣನ ಉತ್ತರ, “ಗ್ವಾಡಿ ಒದ್ಯಾಕ ನಾ ಏನ್ ಕತ್ತಿ ಅದೀನೇನು?” ರಬ್ಬರ್ ಪಟ್ಟಿ ಕೊಟ್ಟರೆ ಅದನ್ನು ವೈನಿ ಹಪ್ಪಳದ ಡಬ್ಬಿಗೆ ಸುತ್ತುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಸಿಟ್ಟಿನ ಕೆಳಗೆ ಭಯವಿತ್ತು. ನಡೆಯಲಾರದ ಅಣ್ಣನನ್ನು ನೋಡಿ ನನಗೆ ಅಭ್ಯಾಸವಿಲ್ಲ.

ಅಭ್ಯಾಸವಿದ್ದದ್ದು ಅವನ ಬೆನ್ನು ನೋಡಿ. ವಿಜಯಪುರದ ನಮ್ಮ ಓಣಿಯಲ್ಲಿ ನಾವು ಆಡುತ್ತಿದ್ದುದು ಒಂದೇ ಆಟ, ಲಾರಿ ಆಟ. ಅಣ್ಣ ಡ್ರೈವರ್. ಊಟದ ಗಂಗಾಳವೇ ಸ್ಟೇರಿಂಗು. ಗೇರು ಬದಲಿಸುವ ಸದ್ದು, ಏರು ಹತ್ತುವಾಗಿನ ಸದ್ದು, ಬ್ರೇಕು ಹಾಕಿದಾಗ ಉಸ್ಸೆನ್ನುವ ಗಾಳಿಯ ಸದ್ದು, ಎಲ್ಲ ಅವನ ಬಾಯಲ್ಲೇ ತಯಾರು. ಅವ್ವ ರೊಟ್ಟಿ ಬಡಿದು ಗಂಗಾಳ ಹುಡುಕಿದರೆ ಅದು ಓಣಿಯ ತಿರುವು ದಾಟಿ ಸೊಲ್ಲಾಪುರದ ಹಾದಿ ಹಿಡಿದಿರುತ್ತಿತ್ತು. ನಾನು ಕ್ಲೀನರ್. ಅವನ ಅಂಗಿಯ ಚುಂಗು ಹಿಡಿದು ಹಿಂದೆ ಓಡಬೇಕು. ಬೆನ್ನಿಗೆ ಒಂದು ಸಲ ತಟ್ಟಿದರೆ ಗಾಡಿ ನಿಲ್ಲಬೇಕು, ಎರಡು ಸಲ ತಟ್ಟಿ ‘ರೈಟ್’ ಎಂದರೆ ಹೊರಡಬೇಕು. ಈ ಅಧಿಕಾರ ಒಂದನ್ನು ಬಿಟ್ಟರೆ ಕ್ಲೀನರಿಗೆ ಬೇರೇನೂ ಇರಲಿಲ್ಲ. ಡ್ರೈವರಾಗುವ ಸರದಿ ನನಗೆ ಬರಲೇ ಇಲ್ಲ. ಕೇಳಿದರೆ, ನಿನ್ನ ಕಾಲು ಇನ್ನೂ ಕ್ಲಚ್ಚಿಗೆ ಮುಟ್ಟೂದಿಲ್ಲ ಅನ್ನುತ್ತಿದ್ದ. ಗಂಗಾಳಕ್ಕೆ ಯಾವ ಕ್ಲಚ್ಚು ಎಂದು ಕೇಳುವಷ್ಟು ಬುದ್ಧಿ ಆಗ ನನಗಿರಲಿಲ್ಲ.

ಈಗಿನ ಕಥೆಗೆ ಬರೋಣ. ನಮ್ಮ ಕಿಟಕಿಯ ಕೆಳಗೆ ಬಿಲ್ಡಿಂಗಿನವರು ಕಾರು ನಿಲ್ಲಿಸುವ ಇಕ್ಕಟ್ಟಾದ ಅಂಗಳವಿದೆ. ಅಣ್ಣ ಕಿಟಕಿಯ ಕುರ್ಚಿಯಲ್ಲಿ ಕೂತು, ರಿವರ್ಸ್ ತೆಗೆಯುವ ಪ್ರತಿಯೊಬ್ಬನನ್ನೂ ಬೈಯುತ್ತಿದ್ದ. ಒಂದು ದಿನ ನನ್ನ ಮಗಳು ಪೂಜಾ ನನ್ನನ್ನು ಬದಿಗೆ ಕರೆದಳು. ಇಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಯ ಬಸ್ಸು ಹತ್ತುತ್ತದೆ. “ಪಪ್ಪಾ, ದೊಡ್ಡಪ್ಪಂದು ಲೆಫ್ಟ್ ಕಾಲ ದೇಖೋ. ನೀಚೆ ಗಾಡಿ ರಿವರ್ಸ್ ಆದ್ರ ಅದೂ ಹಿಲ್ತಾ ಐತಿ” ಎಂದಳು. ನೋಡಿದೆ. ನಿಜ. ಕೆಳಗೆ ಯಾರೋ ಗೇರು ಬದಲಿಸಿದಾಗ ಇಲ್ಲಿ ಸತ್ತಂತಿದ್ದ ಪಾದ ಒಂದು ಕೂದಲೆಳೆಯಷ್ಟು ಅಲುಗಿತು.

ಆ ಒಂದು ಕೂದಲೆಳೆಗಾಗಿ ನಾನು ಪಟ್ಟ ಪಾಡು ಬಹಳ. ಸ್ಟೇರಿಂಗೊಂದು, ಪೆಡಲೊಂದು, ಅಂಗಡಿಗೆ ಹೋಗಿ ತರುವುದು, ಮುಗಿಯಿತು ಎಂದುಕೊಂಡಿದ್ದೆ. ನಾನು ಪ್ರೆಷರ್ ಕುಕ್ಕರ್ ಆರಿಸಲು ಒಂದು ಮಳೆಗಾಲ ಕಳೆದವನು ಎಂದು ಹೆಂಡತಿ ಆಗಲೇ ಎಚ್ಚರಿಸಿದ್ದಳು. ಕುಕ್ಕರಿನಲ್ಲಿ ಸೀಟಿ ಒಂದೇ. ಇಲ್ಲಿ ಕೇಳಬೇಡಿ. ಸ್ಟೇರಿಂಗಿನ ಒಳಗೊಂದು ಮೋಟಾರು ಇರುತ್ತದಂತೆ, ನಿಜವಾದ ರಸ್ತೆಯ ಹಾಗೆ ಅದು ನಮ್ಮ ಕೈಯನ್ನು ಎದುರು ತಳ್ಳುತ್ತದಂತೆ. ಆ ಮೋಟಾರು ಹಲ್ಲಿನ ಚಕ್ರದಿಂದ ತಿರುಗಿಸಬೇಕೋ, ಬೆಲ್ಟಿನಿಂದಲೋ, ನೇರವಾಗಿಯೋ ಎಂಬ ವಿಷಯದಲ್ಲಿ ಜಗತ್ತಿನ ಜನ ಮೂರು ಪಕ್ಷವಾಗಿ ಜಗಳಾಡುತ್ತಿದ್ದಾರೆ. ಬೆಳಿಗ್ಗೆ ಲೋಕಲ್ಲಿನಲ್ಲಿ ಒಬ್ಬರ ಕಂಕುಳಲ್ಲಿ ಮುಖವಿಟ್ಟು, ಇನ್ನೊಬ್ಬರ ಭುಜದ ಮೇಲೆ ಮೊಬೈಲಿಟ್ಟು, ಗಡ್ಡದವನೊಬ್ಬ ಬ್ರೇಕು ಒತ್ತುವ ಸುಖವನ್ನು ವರ್ಣಿಸುವ ವಿಡಿಯೋ ನೋಡುತ್ತಿದ್ದೆ. ನಿಲ್ಲಲು ಕಾಲಿಗೆ ಜಾಗವಿಲ್ಲದವನು ನೋಡಬಾರದ ವಿಡಿಯೋ ಅದು. ಪಕ್ಕದವರೂ ಇಣುಕಿ, ಬೆಲ್ಟಿನದು ತಗೊಳ್ಳಬೇಡಿ, ಸವೆಯುತ್ತದೆ ಎಂದು ಸಲಹೆ ಕೊಟ್ಟು ಗೋರೆಗಾಂವ್‌ನಲ್ಲಿ ಇಳಿದು ಹೋದರು.

ಅಂಧೇರಿಯಲ್ಲಿ ಆಫೀಸಿನ ಹತ್ತಿರವೇ ಇಂಥ ಸಾಮಾನಿನ ದೊಡ್ಡ ಅಂಗಡಿಯಿದೆ. ಅಲ್ಲಿನ ತರುಣ ನನ್ನನ್ನು ನೋಡಿ, ಸರ್ ನೀವು ಬಿಗಿನರ್ರೋ ಪ್ರೋನೋ ಎಂದು ಕೇಳಿದ. ನಾನು ಕ್ಲೀನರ್ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಅವನು ತೋರಿಸಿದ ಮೊದಲ ಸ್ಟೇರಿಂಗು ಗುಂಡಗೇ ಇರಲಿಲ್ಲ. ಫೋಟೋ ತೆಗೆದು ಮನೆಗೆ ಕಳಿಸಿದೆ. ಅರ್ಧ ತಿಂದ ರೊಟ್ಟಿ ಯಾಕ್ ಕಳಿಸಿದೀ ಎಂದು ಅಣ್ಣ ಫೋನು ಮಾಡಿದ. ನನಗೆ ಬೇಕಾದದ್ದು ಮೂರು ಪೆಡಲಿನದು. ಅಂಗಡಿಯಲ್ಲಿದ್ದವೆಲ್ಲ ಎರಡು ಪೆಡಲಿನವು. ಕ್ಲಚ್ಚು ಎಲ್ಲಪ್ಪಾ ಎಂದರೆ, ಈಗ ಕ್ಲಚ್ಚು ಯಾರೂ ಒತ್ತುವುದಿಲ್ಲ ಸರ್, ಗೇರು ಸ್ಟೇರಿಂಗಿನ ಹಿಂದೆಯೇ ಇದೆ, ಬೆರಳಲ್ಲೇ ಬದಲಾಗುತ್ತದೆ ಎಂದ. ಬೆರಳು ನಮ್ಮಣ್ಣನಿಗೆ ಚೆನ್ನಾಗಿಯೇ ಇದೆ ಎಂದೆ. ಕ್ಲಚ್ಚು ಬೇಕಾದರೆ ಬೇರೆ ಕೊಳ್ಳಬೇಕು, ಗೇರಿನ ಕೋಲು ಬೇರೆ, ಹ್ಯಾಂಡ್‌ಬ್ರೇಕು ಬೇರೆ. ಹಾರ್ನ್ ಎಲ್ಲಿದೆ ಎಂದು ಕೇಳಿದೆ. ರೇಸಿನಲ್ಲಿ ಹಾರ್ನ್ ಇರುವುದಿಲ್ಲ ಸರ್ ಎಂದ.

ಪೆಡಲಿನಲ್ಲೂ ಎರಡು ಜಾತಿ. ಒಂದು, ಎಷ್ಟು ಜೋರಾಗಿ ಒತ್ತಿದಿರಿ ಎಂಬುದನ್ನು ಅಳೆಯುತ್ತದೆ, ಜಾಗ ಬಿಟ್ಟು ಕದಲುವುದೇ ಇಲ್ಲ. ಇನ್ನೊಂದು, ಸ್ಪ್ರಿಂಗಿನದು, ಆಳಕ್ಕೆ ಇಳಿಯುತ್ತದೆ. ಮೊದಲನೆಯದೇ ಶ್ರೇಷ್ಠ ಎಂದು ತರುಣ, ಗಡ್ಡದವನು, ಪೂಜಾ ಮೂವರೂ ಒಂದೇ ಬಾಯಲ್ಲಿ ಹೇಳಿದರು. ಕಸರತ್ತಿನ ಹುಡುಗಿಯನ್ನು ಕೇಳಿದರೆ ಅವಳು ಬೇರೆಯೇ ಹೇಳಿದಳು. ಗಿಣ್ಣು ಮಡಚಬೇಕು, ಪಾದ ಕೆಳಗೆ ಹೋಗಿ ಮೇಲೆ ಬರಬೇಕು, ಮೊದಲು ಮೆತ್ತಗಿನದು, ಆಮೇಲೆ ಗಟ್ಟಿ. ಹಾಗಾಗಿ ನಾನು ಮತ್ತೆ ಅಂಗಡಿಗೆ ಹೋಗಿ ಸ್ಪ್ರಿಂಗು ಬದಲಿಸಬಹುದಾದ, ಎಲ್ಲಕ್ಕಿಂತ ಮೆತ್ತಗಿನ ಕ್ಲಚ್ಚು ಕೊಡು ಎಂದೆ. ಎಲ್ಲರೂ ಗಟ್ಟಿ ಬ್ರೇಕು ಕೇಳಿಕೊಂಡು ಬರುವ ಅಂಗಡಿಯಲ್ಲಿ ಮೆತ್ತಗಿನ ಕ್ಲಚ್ಚು ಕೇಳಿದ ಮೊದಲ ಗಿರಾಕಿ ನಾನೇ ಇರಬೇಕು. ತರಿಸಲು ವಾರಗಟ್ಟಲೆ ಆಡಿಸಿದ.

ಇಷ್ಟಾದ ಮೇಲೆ ಇವನ್ನೆಲ್ಲ ಬಿಗಿಯುವುದು ಯಾವುದಕ್ಕೆ? ನಮ್ಮ ಊಟದ ಮೇಜಿನ ಅಂಚು ದುಂಡಗಿದೆ, ಕ್ಲಾಂಪು ಕಚ್ಚುವುದಿಲ್ಲ. ಅಂಗಡಿಯವರ ಅಲ್ಯುಮಿನಿಯಂ ಚೌಕಟ್ಟು ಲಿಫ್ಟಿನಲ್ಲಿ ಹಿಡಿಯುವುದಿಲ್ಲ. ರೇಸಿನ ಸೀಟಿನಲ್ಲಿ ಅಣ್ಣ ಕೂತರೆ ಎಬ್ಬಿಸಲು ನಾಲ್ವರು ಬೇಕು. ಕೊನೆಗೆ ಬೈಕುಲ್ಲಾದಲ್ಲಿ ಸೀಟು ಹೊಲಿಯುವ, ನಮ್ಮೂರಿನವನೇ ಆದ ಮೆಹಬೂಬನಿಗೆ ಅಣ್ಣ ತಾನೇ ಫೋನು ಮಾಡಿದ. ಅಷ್ಟು ದಿನ ಈ ಆಟದ ಸಾಮಾನು ನನಗ ಬ್ಯಾಡ ಎನ್ನುತ್ತಿದ್ದವನು, ಸೀಟು ಎಷ್ಟು ಎತ್ತರವಿರಬೇಕು, ಪೆಡಲು ಎಷ್ಟು ದೂರ ಕೂರಬೇಕು ಎಂದು ಬಹಳ ಹೊತ್ತು ಹೇಳಿದ. ಮೆಹಬೂಬ ಕಳಿಸಿದ್ದು ಹಳೆಯ ಟೆಂಪೋದ ಸೀಟು, ಅದರ ಮುಂದೆ ಕಬ್ಬಿಣದ ಚೌಕಟ್ಟು. ಅದಕ್ಕೆ ನವಿಲು ಬಣ್ಣದ ರೆಕ್ಸಿನ್ನು ಹೊದಿಸಿ, ಅಂಚಿಗೆ ಜರಿಯ ಗೊಂಡೆ ಹೊಲಿದಿದ್ದ. “ಮಲ್ಲೂಭಾಯ್ ಬೈಠ್ನೇಕಾ ಸೀಟ್ ಹೈ, ಸಾದಾ ಕೈಸಾ ದೇಊಂ?” ಎಂದ. ಮಲ್ಲಪ್ಪ ಕೂರುವ ಸೀಟನ್ನು ಸಾದಾ ಕೊಡಲು ಅವನಿಗೆ ಮನಸ್ಸು ಬರಲಿಲ್ಲವಂತೆ. ನಮ್ಮ ಮನೆಯ ಹಾಲ್‌ನ ಅರ್ಧ ಭಾಗ ಅಂದಿನಿಂದ ಟೆಂಪೋ.

ಎಲ್ಲ ಜೋಡಿಸಿದ ದಿನ ವೈನಿ ಸ್ನಾನ ಮಾಡಿ, ತಟ್ಟೆ ಹಿಡಿದು ಬಂದರು. ಹೊಸ ಗಾಡಿ ಮನೆಗೆ ಬಂದರೆ ಪೂಜೆಯಾಗದೆ ಯಾರೂ ಸೀಟು ಹತ್ತುವ ಹಾಗಿಲ್ಲ. ಇದು ಗಾಡಿಯಲ್ಲ ವೈನಿ ಎಂದೆ. ಸ್ಟೇರಿಂಗ್ ಐತಿ, ಬ್ರೇಕ್ ಐತಿ, ಸೀಟ್ ಐತಿ, ಮತ್ತೇನಿದು ಬೀಸೂ ಕಲ್ಲೇನು ಎಂದರು. ಎದುರಿಗೇ ತೆಂಗಿನಕಾಯಿ ಒಡೆಯಲು ಹೊರಟಾಗ ನಾನು ಕೈ ಅಡ್ಡ ಹಿಡಿದು, ವಿದ್ಯುತ್ತಿನ ಸಾಮಾನು, ನೀರು ತಾಗಿದರೆ ಕೆಟ್ಟಿತು ಎಂದು ಬೇಡಿಕೊಂಡೆ. ಕಾಯಿ ಅಡುಗೆಮನೆಯಲ್ಲಿ ಒಡೆಯಿತು. ಅವರು ಕುಂಕುಮ ಹಚ್ಚಿ ಆರತಿ ಎತ್ತಿದರು, ಅದೇ ಹೊತ್ತಿಗೆ ಪೂಜಾ ಸ್ವಿಚ್ಚು ಒತ್ತಿದಳು. ಈ ಸ್ಟೇರಿಂಗುಗಳು ಶುರುವಾಗುವಾಗ ತಾವಾಗಿಯೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನಿಲ್ಲುತ್ತವೆ. ಯಾರೂ ಮುಟ್ಟದೆ ಚಕ್ರ ತಿರುಗಿದ್ದನ್ನು ಕಂಡು ವೈನಿ ಎರಡೂ ಕೈ ಜೋಡಿಸಿ ಅಲ್ಲೇ ಕೂತುಬಿಟ್ಟರು. ಆಮೇಲೆ ಅವರಿಗೆ ತಿಳಿಹೇಳುವುದು ನನ್ನಿಂದಾಗಲಿಲ್ಲ.

ಉಳಿದದ್ದು ನಿಂಬೆಹಣ್ಣು. ಗಾಲಿಯ ಕೆಳಗೆ ಇಡಬೇಕು, ಗಾಡಿ ಅದನ್ನು ತುಳಿದು ಹೊರಡಬೇಕು. ಗಾಲಿ ಇದ್ದದ್ದು ಒಂದೇ, ಅದೂ ಗಾಳಿಯಲ್ಲಿ. ವೈನಿ ಸುತ್ತಲೂ ಹುಡುಕಿ ಕೊನೆಗೆ ಅಣ್ಣನನ್ನೇ ಕೇಳಿದರು.

“ಗಾಡಿ ಹೊಂಡಬೇಕಾದ್ರ ಮೊದಲ ಏನ್ ಒತ್ತತೀರಿ?”

“ಕ್ಲಚ್” ಎಂದ ಅಣ್ಣ.

ನಿಂಬೆಹಣ್ಣು ಕ್ಲಚ್ಚಿನ ಕೆಳಗೆ ಕೂತಿತು. ನಾನು ತಕರಾರು ಮಾಡಲಿಲ್ಲ. ಅಲ್ಲಿಯವರೆಗೆ ಆ ಪಾದ ಇಳಿಯುವ ಮಾತೆಲ್ಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹೀಗೆ ಅಂದುಕೊಂಡದ್ದಕ್ಕೆ ನನ್ನ ಮೇಲೆ ನನಗೇ ಬೇಸರವಾಯಿತು.

ಪರದೆಯ ಮೇಲೆ ಮೂರು ಪಟ್ಟಿಗಳು. ಯಾವ ಪೆಡಲು ಎಷ್ಟು ಒತ್ತುತ್ತೀರೋ ಅದರ ಪಟ್ಟಿ ಅಷ್ಟು ತುಂಬುತ್ತದೆ. ಕ್ಲಚ್ಚಿನ ಪಟ್ಟಿ ತಳದಲ್ಲಿ ಒಂದು ಗೆರೆಯಷ್ಟು ಬಣ್ಣ ಬಂದು ನಿಂತಿತು. ಅಣ್ಣನ ಹಣೆಯಲ್ಲಿ ಬೆವರು. ಕ್ಲಚ್ಚಿಲ್ಲದೆಯೂ ಓಡಿಸಬಹುದು ದೊಡ್ಡಪ್ಪಾ ಎಂದು ಪೂಜಾ ಆಟದಲ್ಲಿ ಏನೋ ಬದಲಿಸಿದಳು. ಕ್ಲಚ್ ಇಲ್ಲದ್ದಕ್ಕ ಗಾಡಿ ಅನ್ನೂದಿಲ್ಲ, ತೊಟ್ಟಿಲ ಅಂತಾರ ಎಂದು ಅಣ್ಣ ಹಟ ಹಿಡಿದ. ಕೊನೆಗೆ ರಾಜಿಯಾಯಿತು. ಸದ್ಯಕ್ಕೆ ಗೇರು ತಾನಾಗಿಯೇ ಬೀಳಲಿ, ಆದರೆ ಪ್ರತಿ ಗೇರಿಗೂ ಅವನು ಕ್ಲಚ್ಚು ಒತ್ತಲಿ.

ಅಣ್ಣನ ಕಾರು ರೇಸಿನ ಹಾದಿಗೆ ಇಳಿದದ್ದನ್ನು ನೀವು ನೋಡಬೇಕಿತ್ತು. ಎಡಬದಿ ಹಿಡಿದು, ತರಕಾರಿ ತುಂಬಿದ ಟೆಂಪೋದ ಗತಿಯಲ್ಲಿ ಹೊರಟ. ಹಿಂದಿನವರೆಲ್ಲ ಸೀಳಿಕೊಂಡು ಹೋದರು. ಎರಡು ತಿರುವು ದಾಟಿ ಗಾಡಿ ನಿಲ್ಲಿಸಿದ. “ಬಸ್ಯಾ, ಎಲ್ಲಾರೂ ಒಂದ ಕಡೆ ಓಡಾಕತ್ತಾರ, ಎದುರಿಗೆ ಒಂದೂ ಗಾಡಿ ಬರವಲ್ದು. ಮುಂದ ಎಲ್ಲೋ ಗಲಾಟಿ ಆಗೇತಿ” ಎಂದು ನನಗೆ ಹೇಳಿ ಗಾಡಿ ತಿರುಗಿಸಿಕೊಂಡು ವಾಪಸು ಬಂದ. ಪರದೆಯ ತುಂಬ ಕೆಂಪು ಎಚ್ಚರಿಕೆ. ಮರುದಿನದ ತಕರಾರು ಬೇರೆ. ಸುತ್ತಿ ಸುತ್ತಿ ಹೊಂಟಲ್ಲಿಗೇ ಬಂದರೆ ಮಾಲು ಇಳಿಸುವುದೆಲ್ಲಿ? ಆಮೇಲೆ ಹಾರ್ನಿನದು. ಹಾರ್ನ್ ಇಲ್ಲದೆ ಅವನಿಗೆ ಕೈ ಕಟ್ಟಿಹಾಕಿದ ಹಾಗೆ. ಕೊನೆಗೆ ಬಾಯಲ್ಲೇ ಬಾರಿಸತೊಡಗಿದ, ಕೆಳಗಿನ ಮನೆಯವರು ಮೇಲೆ ಬಂದು ಕೇಳಿ ಹೋದರು. ನಾನು ಆಫೀಸಿನಿಂದ ಬಂದು ಚಹಾ ಕುಡಿಯುವ ಮೊದಲೇ, ಎಡಕ್ಕೆ ಸ್ಟೂಲು ಹಾಕಿಕೊಂಡು ಕೂತು ಸೈಡು ನೋಡಿ ಹೇಳಬೇಕು. ಐವತ್ತು ದಾಟಿದ ಮೇಲೂ ನನಗೆ ಬಡ್ತಿ ಸಿಗಲಿಲ್ಲ.

ಬೈಯುತ್ತ ಬೈಯುತ್ತಲೇ ಅವನು ಒತ್ತುತ್ತಿದ್ದ. ಗೋಡೆಗೆ ಒತ್ತದ ಪಾದ, ರಬ್ಬರಿಗೆ ಒಲಿಯದ ಪಾದ, ಪ್ರತಿ ತಿರುವಿಗೂ ಇಳಿದು ಏಳುತ್ತಿತ್ತು. ಪಟ್ಟಿಯ ಬಣ್ಣ ಗೆರೆಯಿಂದ ಕಾಲು ಭಾಗಕ್ಕೆ ಬಂತು, ಅಲ್ಲೇ ಬಹಳ ದಿನ ನಿಂತಿತು. ಆ ದಿನಗಳಲ್ಲಿ ನಾನು ಪರದೆಯ ರಸ್ತೆ ನೋಡುವುದನ್ನು ಬಿಟ್ಟು ಆ ಪಟ್ಟಿಯನ್ನೇ ನೋಡುತ್ತಿದ್ದೆ. ಡಾಕ್ಟರು ಹೇಳಿದ, ಬಿಗಿದು ನಿಲ್ಲುವ ಗಿಣ್ಣು ಇದೇ ಇರಬಹುದೇ ಎಂಬ ಹೆದರಿಕೆ ನನ್ನನ್ನು ಲೋಕಲ್ಲಿನಲ್ಲೂ ಬಿಡುತ್ತಿರಲಿಲ್ಲ. ವೈನಿ ಮಾತ್ರ ತಮ್ಮ ಪಾಡಿಗೆ ಪ್ರತಿ ಅಮಾವಾಸ್ಯೆಗೆ ಒಣಗಿದ ನಿಂಬೆಹಣ್ಣು ತೆಗೆದು ಹೊಸದು ಇಡುತ್ತಿದ್ದರು. ಗಾಡಿ ಇದ್ದವರ ಮನೆಯಲ್ಲಿ ಅಮಾವಾಸ್ಯೆ ತಪ್ಪಿಸುವುದುಂಟೇ. ಒಣಗಿದ್ದು ಪ್ರತಿ ಸಲವೂ ಗುಂಡಗೆ, ಇಟ್ಟಂತೆಯೇ ಇರುತ್ತಿತ್ತು. ಅದನ್ನು ಕಸಕ್ಕೆ ಹಾಕಿ, ಹೊಸದನ್ನು ಸೆರಗಿನಲ್ಲಿ ಒರೆಸಿ ಇಡುತ್ತಿದ್ದರು. ಆಮೇಲೆ ಪಟ್ಟಿ ಅರ್ಧಕ್ಕೆ ಬಂತು. ಅರ್ಧ ದಾಟಿತು.

ಮೊನ್ನೆ ಅಮಾವಾಸ್ಯೆ. ನಿನ್ನೆ ಭಾನುವಾರ, ಮಧ್ಯಾಹ್ನ ಊಟವಾಗಿತ್ತು. ಅಣ್ಣ ನವಿಲು ಸೀಟಿನಲ್ಲಿ, ನಾನು ಸ್ಟೂಲಿನ ಮೇಲೆ, ವೈನಿ ಹಿಂದೆ ಕೂತು ಕೊತ್ತಂಬರಿ ಸೋಸುತ್ತಿದ್ದರು. ಅಣ್ಣ ಪೂಜಾಳಿಗೆ, ಇವತ್ತ ಗೇರ್ ನನ್ನ ಕೈಯಾಗ ಕೊಡು ಎಂದ. ಅವಳು ಕೊಟ್ಟಳು. ಕ್ಲಚ್ಚು ಪೂರ್ತಿ ಒತ್ತದಿದ್ದರೆ ಇನ್ನು ಗೇರು ಬೀಳುವುದಿಲ್ಲ. ಮೊದಲ ಸಲ ಕರಕರ ಎಂದಿತು. ಎರಡನೆಯ ಸಲವೂ. ಅಣ್ಣ ಸ್ಟೇರಿಂಗು ಬಿಟ್ಟು, ಒಂದು ಕೈಯಲ್ಲಿ ಸೀಟಿನ ಅಂಚು ಹಿಡಿದು, ಹಲ್ಲು ಕಚ್ಚಿ ಎಡಗಾಲು ಒತ್ತಿದ. ಪಟ್ಟಿ ಅರ್ಧ ದಾಟಿತು, ಮುಕ್ಕಾಲಾಯಿತು, ಮೇಲಿನ ಅಂಚಿನ ಹತ್ತಿರ ಬಂದು ನಡುಗಿತು. ಕೆಳಗೆ ಪಟ್ ಎಂದು ಸದ್ದಾಯಿತು.

ಪಟ್ಟಿ ತುಂಬಿತು, ಗೇರು ಬಿತ್ತು. ಮನೆಯೆಲ್ಲ ನಿಂಬೆಯ ವಾಸನೆ. ಒಂದು ದಿನದ ಹಣ್ಣು, ರಸ ತುಂಬಿ ಬಿರಿಯುವ ಹಾಗಿತ್ತು. ಅಷ್ಟೂ ರಸ ಪೆಡಲಿನ ಬುಡದ ಸಂದಿಯಿಂದ ಒಳಗಿಳಿಯಿತು. ಪರದೆಯ ಮೂರು ಪಟ್ಟಿಗಳೂ ಒಮ್ಮೆ ಕುಣಿದು ಸೊನ್ನೆಯಾದವು, ಕಾರು ತಾನಾಗಿಯೇ ಹೊರಟು, ಹೋಗಿ ಗೋಡೆಗೆ ಒರಗಿ ನಿಂತಿತು. ತೆಂಗಿನಕಾಯಿಯ ನೀರಿಗೆ ಅಡ್ಡ ನಿಂತ ಬುದ್ಧಿವಂತ ನಾನು. ವಾರಂಟಿಯ ಕಾಗದದಲ್ಲಿ ಚಹಾ, ನೀರು, ಕೋಲ್ಡ್‌ಡ್ರಿಂಕು ಚೆಲ್ಲಿದರೆ ಹೊಣೆಯಲ್ಲ ಎಂದು ಬರೆದದ್ದು ನೆನಪಾಯಿತು. ಆರಿಸಿದ ಆ ತಿಂಗಳುಗಳೆಲ್ಲ ಕಣ್ಣ ಮುಂದೆ ಬಂದವು. ಬೈಯಬೇಕೆಂದು ಬಾಯಿ ತೆರೆದೆ. ವೈನಿ ಕೊತ್ತಂಬರಿ ಬಿಟ್ಟು ಎದ್ದು ಬಂದು, ನೆಲದಲ್ಲಿ ಕೂತು, ಚಪ್ಪಟೆಯಾದ ಆ ಹಣ್ಣನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಸೆರಗು ಬಾಯಿಗೆ ಹೋಗಿತ್ತು. ಅಣ್ಣನ ಪಾದ ಇನ್ನೂ ತಳದಲ್ಲೇ ಇತ್ತು, ತೆಗೆದರೆ ಎಲ್ಲಿ ಸುಳ್ಳಾಗುತ್ತದೋ ಎಂಬಂತೆ ಒತ್ತಿ ಹಿಡಿದಿದ್ದ.

ನನ್ನ ಕೈ ತಾನಾಗಿಯೇ ಹೋಗಿ ಅವನ ಬೆನ್ನಿಗೆ ಎರಡು ಸಲ ತಟ್ಟಿತು. ‘ರೈಟ್’ ಎಂದೆ.

ಅಣ್ಣ ತಿರುಗಿ ನೋಡಲಿಲ್ಲ. ಸತ್ತ ಪೆಡಲನ್ನು ಇನ್ನೂ ಎರಡು ಸಲ ಒತ್ತಿ ಬಿಟ್ಟು ನೋಡಿ, “ಕ್ಲಚ್ ಬಾಳ ಸಡ್ಲ ಐತಿ ಬಸ್ಯಾ. ಈ ಸಲ ತರೂವಾಗ ಗಟ್ಟಿದು ನೋಡಿ ತಾ” ಎಂದ.

ಅದಕ್ಕೇ ಇವತ್ತು ಅಟ್ಟದಿಂದ ಪೆಟ್ಟಿಗೆ ಇಳಿಸಿದ್ದು. ಸತ್ತ ಪೆಡಲುಗಳನ್ನು ಇದರಲ್ಲಿ ತುಂಬಿ ಹೊತ್ತುಕೊಂಡು ಇನ್ನು ಲೋಕಲ್ ಹತ್ತಬೇಕು, ಅಂಧೇರಿಯ ಆ ತರುಣನ ಎದುರು ನಿಂತು ಎಲ್ಲಕ್ಕಿಂತ ಗಟ್ಟಿ ಕ್ಲಚ್ಚು ತೋರಿಸು ಎನ್ನಬೇಕು, ಅವನು ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ಹೊರಡುವಾಗ ವೈನಿ ಬಾಗಿಲ ತನಕ ಬಂದು, ಬರುವಾಗ ನಿಂಬೆಹಣ್ಣು ತರಲು ಹೇಳಿದರು.